ನೊಣಗಳಿಗೆ ಕಳಿಸಿದ ಬೆಲ್ಲ

ಮೈಸೂರಿನ ಪ್ರಯೋಗಾಲಯದಲ್ಲಿ ನಾನು ಐದು ವರ್ಷ ಮಾಡಿದ ಕೆಲಸದಲ್ಲಿ ಅರ್ಧ ಅಡುಗೆಯೇ. ಯಾರಾದರೂ ಕೇಳಿದರೆ ಹಣ್ಣುನೊಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ನೊಣಗಳಿಗೆ ಊಟ ಆಗಬೇಕಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬೆಲ್ಲ ಕರಗಿಸಿ, ಗಂಟು ಕಟ್ಟದ ಹಾಗೆ ರವೆ ಹಾಕಿ ತಿರುವಿ, ಗಟ್ಟಿಯಾಗಲೆಂದು ಅಗರ್ ಪುಡಿ ಸೇರಿಸಿ, ಬೂಸ್ಟು ಹಿಡಿಯದಿರಲೆಂದು ಒಂದಿಷ್ಟು ಆಸಿಡ್ ಬಿಟ್ಟು, ಆರುವ ಮುಂಚೆ ಸಾಲಾಗಿಟ್ಟ ಗಾಜಿನ ಬಾಟಲಿಗಳಿಗೆ ಸುರಿಯಬೇಕು. ಆಸಿಡ್ ಬಿಡುವವರೆಗೂ ಅದು ಮದುವೆಮನೆಯ ಕೇಸರಿಬಾತಿನ ವಾಸನೆ. ಬಿಟ್ಟ ಮೇಲೆ ಮೂಗು ಮುಚ್ಚಿಕೊಳ್ಳಬೇಕು.

ಬೆಲ್ಲ ನಮ್ಮ ಮನೆಯದು. ಮಿರ್ಲೆಯಿಂದ ಸಾಲಿಗ್ರಾಮಕ್ಕೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ಆಲೆಮನೆ. ಪ್ರಯೋಗಾಲಯಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಅಂಗಡಿ ಬೆಲ್ಲ ಮುಗಿದಿತ್ತು. ಹಾಸ್ಟೆಲ್ಲಿನಲ್ಲಿ ತಿನ್ನಲೆಂದು ಅಜ್ಜಿ ಕಟ್ಟಿಕೊಟ್ಟ ಉಂಡೆಬೆಲ್ಲ ನನ್ನ ಚೀಲದಲ್ಲಿತ್ತು. ಅದನ್ನೇ ಕುಟ್ಟಿ ಹಾಕಿದೆ. ನೊಣಗಳು ಒಪ್ಪಿದವು, ಮೊಟ್ಟೆಯನ್ನೂ ಚೆನ್ನಾಗಿ ಇಟ್ಟವು. ಅಲ್ಲಿಂದ ಮುಂದೆ ನನ್ನ ಪ್ರಯೋಗದ ಬಾಟಲಿಗಳಿಗೆಲ್ಲ ಅದೇ ಬೆಲ್ಲ. ಕೆ.ಆರ್. ನಗರದಿಂದ ಬಸ್ಸು ಹತ್ತುವಾಗ ಒಂದು ಕೈಯಲ್ಲಿ ಪುಸ್ತಕದ ಚೀಲ, ಇನ್ನೊಂದರಲ್ಲಿ ಬೆಲ್ಲದ ಗಂಟು. ಕಂಡಕ್ಟರಿಗೂ ನನ್ನ ಗುರುತು ಸಿಕ್ಕಿ, "ಏನವ್ವ, ಮೈಸೂರಲ್ಲಿ ಬೆಲ್ಲ ಸಿಕ್ಕಲ್ವಾ?" ಎಂದು ಕೇಳುತ್ತಿದ್ದ. ನೊಣಗಳಿಗೆ ಎಂದು ಹೇಳಿದರೆ ಅವನು ಏನು ತಿಳಿದಾನು ಎಂದು ಸುಮ್ಮನೆ ನಗುತ್ತಿದ್ದೆ.

ನನಗೆ ಮಾತು ಕಲಿಸಿದವಳು ಅಜ್ಜಿ. ಅಪ್ಪನ ತಾಯಿ. ಹಲ್ಲು ಹೋದರೂ ಎಲೆಯಡಿಕೆ ಬಿಟ್ಟವಳಲ್ಲ. ಪುಟ್ಟ ಕಲ್ಲಿನಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಂಡು, ಆಮೇಲೆ ಮಾತು ಶುರು ಮಾಡುವಳು. ಒಂದು ವಿಷಯ ನನಗೆ ನಿಜವಾಗಿ ತಿಳಿದಿದೆಯೋ ಇಲ್ಲವೋ ಎಂದು ನೋಡಲು ನಾನು ಅದನ್ನು ಅವಳಿಗೆ ಹೇಳಿ ನೋಡುತ್ತಿದ್ದೆ. ಅವಳು ಅಡ್ಡಪ್ರಶ್ನೆ ಹಾಕಿದ ಕಡೆಯಲ್ಲೆಲ್ಲ ನನಗೂ ಗೊತ್ತಿಲ್ಲ ಎಂದು ಅರ್ಥ.

"ಅದೇನ್ ಮಗ, ಇಷ್ಟ್ ವರ್ಸದಿಂದ ಆ ಗುಂಗುರ ಇಂದೆ ಬಿದ್ದಿದ್ದೀಯ? ಓಡ್ಸಾದ್ನಾರೂ ಕಲ್ತ್ಯಾ?" ಎಂದು ಒಂದು ಭಾನುವಾರ ಜಗುಲಿಯಲ್ಲಿ ಕೂತು ಕೇಳಿದಳು. ಬಾಳೆಗೊನೆ ಹಣ್ಣಾದಾಗ ಮುತ್ತಿಕೊಳ್ಳುವ ಗುಂಗುರನ್ನು ಸೆರಗಿನಿಂದ ಓಡಿಸುವುದೇ ಅವಳಿಗೆ ಗೊತ್ತಿದ್ದ ನೊಣಶಾಸ್ತ್ರ.

"ಓಡ್ಸಾದಲ್ಲ ಅಜ್ಜಿ, ಸಾಕಾದು."

"ಸಾಕ್ಬುಟ್ಟು?"

ಹೇಳಿದೆ. ಗೋಡೆಗೆ ಇಟ್ಟಿಗೆ ಇದ್ದ ಹಾಗೆ ಮೈಗೆ ಜೀವಕೋಶ. ಒಂದು ಕೋಶ ಸತ್ತರೆ ಜಾಗ ಖಾಲಿ ಬೀಳಬಾರದಲ್ಲ, ಅದಕ್ಕೆ ಅದು ಸಾಯುವ ಮುಂಚೆ ಪಕ್ಕದವಕ್ಕೆ ಸುದ್ದಿ ಮುಟ್ಟಿಸುತ್ತದೆ. ಪಕ್ಕದವು ಒಂದೆರಡಾಗಿ, ಎರಡು ನಾಲ್ಕಾಗಿ ಆ ಜಾಗ ತುಂಬುತ್ತವೆ. ಕಬ್ಬಿನ ಸಾಲಿನಲ್ಲಿ ಒಂದು ತುಂಡು ಕೊಳೆತುಹೋದರೆ ಅಕ್ಕಪಕ್ಕದವು ಜಾಸ್ತಿ ಮರಿ ಒಡೆದು ಸಾಲು ಮುಚ್ಚುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಕಬ್ಬಿನಲ್ಲಿ ಬೆಳಕು, ಗೊಬ್ಬರ ಹೆಚ್ಚಿಗೆ ಸಿಕ್ಕಿತೆಂದು ಮರಿ ಒಡೆಯುತ್ತದೆ. ಇಲ್ಲಿ ಸಾಯುವ ಕೋಶವೇ ಕರೆದು ಹೇಳುತ್ತದೆ. ಅಷ್ಟು ವ್ಯತ್ಯಾಸ.

"ಸರಿ. ಅದ್ರಲ್ಲಿ ನಿಂದೇನು?"

"ನಾವು ಸಾಯಕ್ಕೆ ಸುರು ಮಾಡಿದ ಕೋಶನ ಪೂರ್ತಿ ಸಾಯದಂಗೆ ತಡ್ದು ನಿಲ್ಲಿಸ್ತೀವಿ ಅಜ್ಜಿ. ಅದು ಸುಮ್ನಿರಲ್ಲ. ಸತ್ತೆ ಸತ್ತೆ ಅಂತ ಕೂಗ್ತಾನೆ ಇರ್ತದೆ. ಪಕ್ಕದವು ಬೆಳೀತಾನೆ ಇರ್ತವೆ. ಕೊನೆಗೆ ನೊಣದ ತಲೆ ಉಬ್ಬಿ ಮಡಿಕೆ ಮಡಿಕೆ ಆಗ್ತದೆ."

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. "ನಮ್ಮತ್ತೆ ಅಂಗೇಯ ಕಣಮ್ಮಿ. ಓಯ್ತೀನಿ ಓಯ್ತೀನಿ ಅನ್ಕಂಡು ಆರ್ ತಿಂಗ್ಳು ಮಲಗಿದ್ಲು. ಸುದ್ದಿ ಕೇಳ್ಕಂಡು ಬಂದೋರು ಬಂದಂಗೇ ಇದ್ರು. ಆ ಆರ್ ತಿಂಗ್ಳು ನಮ್ಮನೇಲಿ ನೆಂಟ್ರು ಬೆಳ್ದಂಗೆ ಯಾವತ್ತೂ ಬೆಳೀಲಿಲ್ಲ. ಒಲೆ ಆರಿಸ್ದೋಳಲ್ಲ ನಾನು."

ಈ ವಿಷಯದ ಮೇಲೆ ನಾನು ದೊಡ್ಡ ದೊಡ್ಡ ಉಪನ್ಯಾಸ ಕೇಳಿದ್ದೇನೆ. ಇದಕ್ಕಿಂತ ಬೇಗ ಅರ್ಥ ಮಾಡಿಕೊಂಡವರನ್ನು ಕಂಡಿಲ್ಲ.

"ಅಲ್ಲ, ಅದು ಎಂಗ್ ಕೂಗ್ತದೆ? ಬಾಯದಾ?"

ಅದೇ ನನ್ನ ಕೆಲಸವಾಗಿತ್ತು. ಕ್ಯಾಲ್ಸಿಯಂ. ಅವಳಿಗೆ ಸುಣ್ಣದ ಅಂಶ ಎಂದೆ. ಕೋಶದೊಳಗೆ ಅದನ್ನು ಚೀಲದಲ್ಲಿ ಕೂಡಿಟ್ಟ ಹಾಗೆ ಕೂಡಿಟ್ಟಿರುತ್ತದೆ. ಚೀಲಕ್ಕೊಂದು ಬಾಗಿಲು. ಬಾಗಿಲು ತೆರೆದು ಸುಣ್ಣದ ಅಂಶ ಹೊರಕ್ಕೆ ಹರಿದರೆ ಅದೇ ಒಂದು ಸಂಜ್ಞೆ, ಅಲ್ಲಿಂದ ಕೂಗು ಹುಟ್ಟುತ್ತದೆ ಎನ್ನುವುದು ನಮ್ಮ ಊಹೆ. ಆ ಬಾಗಿಲು ಸರಿಯಾಗಿ ತೆರೆಯದ ಹಾಗೆ ಮಾಡಿದ ನೊಣಗಳನ್ನು ನಾನು ಬೆಳೆಸಿದ್ದೆ. ಬಾಗಿಲು ತೆರೆಯದಿದ್ದರೆ ಕೂಗಿಲ್ಲ, ಕೂಗಿಲ್ಲದಿದ್ದರೆ ತಲೆ ಉಬ್ಬಬಾರದು.

ಅಜ್ಜಿ ತನ್ನ ಸುಣ್ಣದ ಡಬ್ಬಿಯನ್ನೊಮ್ಮೆ ನೋಡಿ ಮುಚ್ಚಳ ಹಾಕಿದಳು. "ಅದು ಕಡ್ಲೆಕಾಳಿನಷ್ಟಿದ್ರೆ ಚೆಂದ ಕಣ್ ಮಗ. ಜಾಸ್ತಿ ಆದ್ರೆ ಬಾಯೆಲ್ಲ ಬೇಯ್ತದೆ" ಎಂದಳು. ಎದುರಿನ ಕಂಬಕ್ಕೆ ಒರಗಿ ಕೂತಿದ್ದ ಚಿಕ್ಕಪ್ಪ ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಹೋದ. ಅವನ ಕೈಯಲ್ಲಿ ಮಾಡಿದ ಬೆಲ್ಲ ಮೈಸೂರಿನ ದೊಡ್ಡವರ ಕಟ್ಟಡದಲ್ಲಿ ಬಳಕೆಯಾಗುತ್ತಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ ಇದ್ದದ್ದು ನನಗೆ ಆಮೇಲೆ ತಿಳಿಯಿತು.

ನನ್ನ ಸಂಶೋಧನೆಯಲ್ಲಿ ನಿಂತದ್ದು ಒಂದೇ ಮಾತು: ಬಾಗಿಲು ಬಿಗಿದರೆ ತಲೆ ಉಬ್ಬುವುದಿಲ್ಲ. ಅದನ್ನು ಮೂರು ಸಲ ಬೇರೆ ಬೇರೆಯಾಗಿ ತೋರಿಸಬೇಕು, ಮೂರೂ ಸಲ ಎಲ್ಲವೂ ಒಂದೇ ರೀತಿ ಇರಬೇಕು, ಊಟವೂ ಸೇರಿ. ಇದು ನನ್ನ ಮಾರ್ಗದರ್ಶಕಿ, ನಮ್ಮ ಮೇಡಂ ಹಾಕಿದ ಕಟ್ಟಳೆ. ಎರಡು ಸಲ ಆಗಿತ್ತು. ಮೂರನೆಯದು ಏಪ್ರಿಲ್ಲಿನಲ್ಲಿ. ಜೂನ್ ಮುಗಿದರೆ ನನ್ನ ಫೆಲೋಶಿಪ್ಪೂ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ಐದು ವರ್ಷದ ಕೆಲಸವನ್ನು ಅಲ್ಲಿಗೇ ಬಿಟ್ಟು ಬೇರೆ ನೌಕರಿ ನೋಡಿಕೊಳ್ಳಬೇಕಿತ್ತು.

ಆ ಸಲ ನನಗೆ ಊರಿಗೆ ಹೋಗಲು ಬಿಡುವಾಗಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮಾರನೆಯ ದಿನವೇ ಬಸ್ಸಿನಲ್ಲಿ ಬೆಲ್ಲ ಬಂತು. ಬೇರೆ ಸಲ ಹಳೆಯ ಪಂಚೆ ತುಂಡಿನಲ್ಲಿ ಗಂಟು ಕಟ್ಟಿರುತ್ತಿತ್ತು, ಈ ಸಲ ಮಿಠಾಯಿ ಅಂಗಡಿಯ ರಟ್ಟಿನ ಡಬ್ಬಿಯಲ್ಲಿ ಬಂದಿತ್ತು. ನಾನು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೆ. ಅಟೆಂಡರಮ್ಮ ಡಬ್ಬಿ ಒಯ್ದು, ಕುಟ್ಟಿ, ಅಡುಗೆ ಮುಗಿಸಿಯೇ ಬಿಟ್ಟರು. ಬಾಟಲಿಗಳು ನನ್ನ ಮೇಜಿಗೆ ಬಂದಾಗ ಊಟ ಯಾವಾಗಿನಂತೆ ಕಂದಾಗಿಲ್ಲ, ಬೆಳ್ಳಗಿದೆ ಅನ್ನಿಸಿತು. ರವೆ ಜಾಸ್ತಿಯಾಗಿರಬೇಕು ಎಂದುಕೊಂಡು ನೊಣ ಬಿಟ್ಟೆ.

ಮೊಟ್ಟೆ ಹುಳುವಾಗಿ, ಹುಳು ಗೂಡು ಕಟ್ಟಿ, ನೊಣ ಏಳುವುದಕ್ಕೆ ನಮ್ಮ ಕಡೆ ಹತ್ತು ಹನ್ನೆರಡು ದಿನ ಸಾಕು. ಮೊದಲು ಬಾಗಿಲು ಬಿಗಿದ ಗುಂಪನ್ನು ನೋಡಿದೆ. ಈಥರ್ ತೋರಿಸಿ ಮಲಗಿಸಿ, ಬ್ರಷ್ಷಿನ ತುದಿಯಿಂದ ಒಂದೊಂದನ್ನೇ ತಿರುಗಿಸಿ ತಲೆ ನೋಡುತ್ತಾ ಹೋದೆ. ನುಣ್ಣಗೆ, ಮಾಮೂಲು ತಲೆ. ಒಂದಾದರೂ ಉಬ್ಬಿರಲಿಲ್ಲ. ಹಿಂದಿನ ಎರಡು ಸಲವೂ ಇಷ್ಟು ಚೊಕ್ಕವಾಗಿ ಬಂದಿರಲಿಲ್ಲ. ಓಡಿಹೋಗಿ ಮೇಡಂಗೆ ಹೇಳಿಬಿಟ್ಟೆ.

"ಹೋಲಿಕೆಯ ಗುಂಪು?" ಎಂದರು ಅವರು, ಓದುತ್ತಿದ್ದ ಕಾಗದದಿಂದ ತಲೆ ಎತ್ತದೆ.

"ಇನ್ನೂ ನೋಡಿಲ್ಲ ಮೇಡಂ."

"ಹಾಗಾದರೆ ಇನ್ನೂ ನೀನು ಏನನ್ನೂ ನೋಡಿಲ್ಲಮ್ಮ."

ಮಧ್ಯಾಹ್ನ ನೋಡಿದೆ. ಬಾಗಿಲು ಮಾಮೂಲಿನಂತೆ ತೆರೆಯುವ ಗುಂಪು, ತಲೆ ಉಬ್ಬಲೇಬೇಕಾದ ಗುಂಪು. ಅದೂ ನುಣ್ಣಗೆ. ಅಲ್ಲೊಂದು ಇಲ್ಲೊಂದರಲ್ಲಿ ಸಣ್ಣ ಮಡಿಕೆ ಇತ್ತು, ಅಷ್ಟೆ. ಎರಡು ಗುಂಪೂ ಒಂದೇ ಆಗಿದ್ದರೆ ಬಾಗಿಲಿಗೂ ತಲೆಗೂ ಏನೂ ಸಂಬಂಧವಿಲ್ಲ ಎಂದಾಯಿತು.

ಮುಂದಿನ ಎರಡು ದಿನ ತಪ್ಪು ಹುಡುಕಿದೆ. ಶಾಖ ನೋಡಿದೆ, ಸರಿಯಿತ್ತು. ನೊಣದ ತಳಿ ಬೆರಕೆಯಾಗಿದೆಯೇ ಎಂದು ನೋಡಿದೆ, ಇಲ್ಲ. ಕೊನೆಗೆ ತೊಳೆಯಲು ಇಟ್ಟಿದ್ದ ಖಾಲಿ ಬಾಟಲಿಯೊಂದನ್ನು ಬೆಳಕಿಗೆ ಹಿಡಿದಾಗ ಕಂಡಿತು. ಗಾಜಿನ ಒಳಗೋಡೆಗೆ ಕಪ್ಪಾಗಿ ಒಣಗಿದ ಗೂಡುಗಳು ಅಂಟಿಕೊಂಡಿದ್ದವು. ನೊಣ ಏಳದೆ ಒಳಗೇ ಸತ್ತವು. ಒಂದನ್ನು ಸೂಜಿಯಿಂದ ಬಿಡಿಸಿದೆ. ಒಳಗೆ ಉಬ್ಬಿದ ತಲೆ. ಇನ್ನೊಂದು ಬಿಡಿಸಿದೆ, ಅದರಲ್ಲೂ ಅಷ್ಟೆ. ತಲೆ ಉಬ್ಬಿದ ನೊಣಗಳು ಮೊದಲೇ ನಿತ್ರಾಣ. ಏನೋ ಒಂದು ಅವುಗಳನ್ನು ಇನ್ನಷ್ಟು ಸೊರಗಿಸಿ ಗೂಡಿನಲ್ಲೇ ಕೊಂದಿತ್ತು. ಗಟ್ಟಿಮುಟ್ಟಾದವು ಮಾತ್ರ ಎದ್ದು ಬಂದು ನನ್ನ ಬ್ರಷ್ಷಿಗೆ ಸಿಕ್ಕಿದ್ದವು. ಎದ್ದವನ್ನು ಎಣಿಸಿ, ಏಳದವನ್ನು ಕಡೆಗಣಿಸಿದ್ದು ನನ್ನ ತಪ್ಪು. ಸಾವಿನ ಮೇಲೆ ಪ್ರಬಂಧ ಬರೆಯುವವಳು ಸತ್ತವನ್ನೇ ನೋಡಿರಲಿಲ್ಲ.

ಆಗ ಬೆಳ್ಳಗಿದ್ದ ಊಟ ನೆನಪಾಯಿತು. ರಟ್ಟಿನ ಡಬ್ಬಿಯಲ್ಲಿ ಎರಡು ಅಚ್ಚು ಉಳಿದಿದ್ದವು. ಹಳದಿ ರೇಷ್ಮೆಯ ಬಣ್ಣ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.

ಅಜ್ಜಿ ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ಚಪ್ಪರಿಸಿ, ಎದ್ದು ಅಂಗಳಕ್ಕೆ ಹೋಗಿ ಉಗಿದು ಬಂದಳು.

"ಇದು ಮಾರಕ್ಕೆ ಮಾಡ ಬೆಲ್ಲ ಕಣಮ್ಮಿ. ಸುಣ್ಣ ಜಡ್ದವ್ನೆ, ಬಿಳೀ ಮಾಡ ಪುಡೀನೂ ಜಡ್ದವ್ನೆ. ನಾಲ್ಗೆ ಚುರ್ ಅಂತದೆ. ಇದ್ನ ಯಾರ್ ಕೊಟ್ರು ನಿಂಗೆ?"

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಆಲೆಮನೆ ಇರುವ ಮನೆಯಲ್ಲಿ ಎರಡು ಬೆಲ್ಲ. ಮನೆಗೆಂದು ಒಂದು ಕೊಪ್ಪರಿಗೆ ಬೇರೆಯೇ ಕಾಯಿಸುತ್ತಾರೆ. ಬೆಂಡೆಗಿಡ ಜಜ್ಜಿದ ಲೋಳೆ ಹಾಕಿ ಕೊಳೆ ತೆಗೆಯುವುದು, ಅಷ್ಟೆ. ಅದು ಕರಿಬೆಲ್ಲ, ನೋಡಲು ಮಣ್ಣಿನ ಹೆಂಟೆ. ಮಾರುವುದಕ್ಕೆ ಮಾಡುವುದು ಬೇರೆ. ಸುಣ್ಣದ ತಿಳಿ, ಹೈಡ್ರೋಸ್ ಎನ್ನುವ ಬಿಳಿ ಪುಡಿ, ಅವೆಲ್ಲ ಬಿದ್ದು ಬಂಗಾರದ ಬಣ್ಣ ಬರುತ್ತದೆ. ಕೊಳ್ಳುವವರು ಬಣ್ಣ ಕೇಳುತ್ತಾರೆ, ಮಾಡುವವರು ಹಾಕುತ್ತಾರೆ. ಆದರೆ ಮಾರುವ ಬೆಲ್ಲವನ್ನು ಮನೆಯವರು ಬಾಯಿಗೆ ಹಾಕುವುದಿಲ್ಲ. ಇಷ್ಟು ವರ್ಷ ಅಜ್ಜಿ ಕಟ್ಟಿಕೊಡುತ್ತಿದ್ದದ್ದು ಮನೆಬೆಲ್ಲ. ಈ ಸಲ ಕಟ್ಟಿದವನು ಚಿಕ್ಕಪ್ಪ.

ಆಲೆಮನೆಗೆ ಹೋದೆವು. ಅಜ್ಜಿಯೂ ಬೇಡವೆಂದರೂ ಬಂದಳು. ಚಿಕ್ಕಪ್ಪ ಕೊಪ್ಪರಿಗೆ ತಿಕ್ಕುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿಸಿ, "ಎಂಗಿತ್ತು ಮಗ ಬೆಲ್ಲ? ನಿಮ್ ಮೇಡಮ್ಮೋರು ಏನಂದ್ರು?" ಎಂದ.

ಅಜ್ಜಿ ಮುಂದೆ ಬಂದಳು. "ಏನಂದಾರ್ಲಾ? ಅವ್ರ ನೊಣ ಎಲ್ಲ ಸತ್ತೋದ್ವಂತೆ. ಆ ಮಗೀನ್ ಓದು ಮಣ್ಣಾಯ್ತಾ ಕೂತದೆ. ಮನೆ ಮಗೀಗೆ ಮಾರ ಬೆಲ್ಲ ಕೊಡಾದ್ ಯಾವಾಗ್ ಕಲ್ತೆ ನೀನು?"

ಚಿಕ್ಕಪ್ಪ ತಿಕ್ಕುವ ಸಿಪ್ಪೆಯನ್ನು ಕೆಳಗಿಟ್ಟ. "ಅಲ್ಲ ಕಣವ್ವ, ಅಷ್ಟ್ ದೊಡ್ಡೋರಿರೋ ಜಾಗ. ನಾವ್ ತಿನ್ನ ಕರೀ ಬೆಲ್ಲ ಕಳ್ಸಿ, ಇವ್ರ ಮನೇಲಿ ಇಂತಾದ್ನಾ ಮಾಡಾದು ಅಂತ ಆಡ್ಕಳಾದ್ ಬ್ಯಾಡ ಅಂತ... ಮಗೀಗೂ ಒಂದ್ ಮರ್ವಾದಿ ಇರ್ಲಿ ಅಂತ. ಆ ಕೊಪ್ರಿಗೇಗೆ ನಾನೇ ನಿಂತ್ಕಂಡು ಒಂದ್ ಇಡಿ ಜಾಸ್ತಿ ಆಕ್ಸ್‌ದೆ. ಅಂತಾ ಬಣ್ಣ ಈ ವರ್ಸ್‌ದಲ್ಲೇ ಬಂದಿರ್ನಿಲ್ಲ."

ಅವನ ಮೇಲೆ ಸಿಟ್ಟು ಮಾಡಿಕೊಂಡೇ ಬಸ್ಸು ಹತ್ತಿದ್ದೆ. ಆ ಮಾತು ಕೇಳಿದ ಮೇಲೆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. "ನಮ್ ನೊಣ ಬಣ್ಣ ನೋಡಲ್ಲ ಚಿಕ್ಕಪ್ಪ. ಕರೀದೇ ಬೇಕು. ಮೊದ್ಲೆರಡು ಸಲ ಯಾವ್ದು ಹಾಕಿದ್ನೋ ಅದೇ" ಎಂದೆ. ಅಂಗಡಿಯಲ್ಲಿ ಕೊಂಡರೆ ಸಿಗುವುದೂ ಇಂಥದೇ ಬಿಳಿ ಬೆಲ್ಲ. ಹೊಸ ಬೆಲ್ಲದಲ್ಲಿ ಮೂರೂ ಸಲ ಮೊದಲಿಂದ ಮಾಡಲು ದಿನಗಳಿರಲಿಲ್ಲ.

"ಮನೇದು ಮುಗ್ದೋಗದೆ ಮಗ. ಯುಗಾದಿ ಒಬ್ಬಟ್ಟಿಗೇ ಆಗೋಯ್ತು."

"ಒಂದ್ ಕೊಪ್ಪರಿಗೆ ಕಾಯ್ಸಿಕೊಡು."

ಅವನು ರಸ್ತೆಯ ಕಡೆ ನೋಡಿದ. ಆಗ ಉಳಿದಿದ್ದದ್ದು ಒಂದು ತುಂಡು ಕೂಳೆ ಕಬ್ಬು, ಹಿಂದಿನ ವರ್ಷ ಕಡಿದ ಬುಡದಿಂದ ಮತ್ತೆ ಚಿಗುರಿದ್ದು. ಅವನ ಚಿಂತೆ ಕಬ್ಬಿನದಲ್ಲ. ವ್ಯಾಪಾರಿಗಳು ಓಡಾಡುವ ದಾರಿ ಅದು. ಮನೆಬೆಲ್ಲವನ್ನು ಯಾವಾಗಲೂ ಹಂಗಾಮಿನ ಶುರುವಿನಲ್ಲಿ, ಯಾರೂ ಬರುವ ಮೊದಲು ಕಾಯಿಸಿ ಒಳಗೆ ಸೇರಿಸುತ್ತಿದ್ದರು. ಈಗ ಹಂಗಾಮಿನ ಕೊನೆಗೆ ಕರಿ ಅಚ್ಚುಗಳನ್ನು ಹರವಿದರೆ, ಇವನ ಕೈ ಕೆಟ್ಟಿತು, ಪಾಕ ಸೀದಿತು ಎಂದು ಸಾಲಿಗ್ರಾಮದ ಸಂತೆಯವರೆಗೂ ಮಾತಾಗುತ್ತದೆ. ಆಲೆಮನೆಯವನಿಗೆ ಕೈ ಕೆಟ್ಟಿತು ಅನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ.

"ಇಲ್ಲ ಅಂದ್ರೆ ಏನಾಯ್ತದೆ?" ಎಂದ.

"ಇಲ್ಲ ಅಂದ್ರೆ ಐದ್ ವರ್ಷ ಮಾಡಿದ್ದು ನಿಜವೋ ಸುಳ್ಳೋ ನಂಗೂ ತಿಳಿಯಲ್ಲ, ಯಾರಿಗೂ ತಿಳಿಯಲ್ಲ."

"ಇವ್ನ ಮರ್ವಾದಿ ಇನ್ನೊಂದ್ ಕೊಪ್ರಿಗೇಲಿ ಬತ್ತದೆ, ಬುಡು" ಎಂದಳು ಅಜ್ಜಿ. "ಲೇ, ನೀನು ಮಾಡ್ದಿದ್ರೆ ನಾನೇ ಸೌದೆ ಆಕ್ತೀನಿ ಕಣ್ಲಾ. ನಿನ್ನ ಮದ್ವೇಗೂ ಕರೀ ಬೆಲ್ಲದಲ್ಲೇ ಪಾಯ್ಸ ಮಾಡಿದ್ದು. ಯಾವೋನೂ ಎಲೆ ಬುಟ್ಟು ಏಳ್ನಿಲ್ಲ."

ಚಿಕ್ಕಪ್ಪ ನಕ್ಕೂ ನಗದ ಹಾಗೆ ಮಾಡಿ ಬೆಂಡೆಗಿಡ ಕೀಳಲು ಹೋದ.

ಎರಡು ದಿನ ಬಿಟ್ಟು ಕಾಯಿಸಿದ. ನಾನೂ ಇದ್ದೆ. ಕಬ್ಬಿನ ಹಾಲು ಕುದಿ ಬಂದಾಗ ಲೋಳೆ ಬಿಟ್ಟ. ಹಸಿರು ಕೊಳೆ ಮೇಲೆದ್ದಿತು, ಅದನ್ನು ತೆಗೆದು ತೆಗೆದು ಚೆಲ್ಲಿದ. ಸುಣ್ಣದ ಮಡಕೆಯ ಕಡೆ ಅವನ ಕೈ ತಾನಾಗಿ ಒಂದು ಸಲ ಹೋಯಿತು, ಅರ್ಧಕ್ಕೆ ನಿಂತಿತು. ಅಷ್ಟು ವರ್ಷದ ಅಭ್ಯಾಸ. ಪಾಕ ಬಂದ ಮೇಲೆ ಅಚ್ಚಿಗೆ ಹೊಯ್ದ. ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ವ್ಯಾಪಾರಿ ನಿಲ್ಲಿಸಿ ಇಣುಕಿದ.

"ಏನಣ್ಣ, ಪಾಕ ತಲೆಗೇರ್ಬುಡ್ತಾ?"

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. "ಆರ್ಡರ್ ಕಣಪ್ಪ. ಮೈಸೂರಿಂದು" ಎಂದ. ವ್ಯಾಪಾರಿ ನಂಬಿದಂತೆ ಕಾಣಲಿಲ್ಲ.

ಬೆಲ್ಲವನ್ನು ಅವನೇ ಮೈಸೂರಿಗೆ ತಂದ, ಹಳೆಯ ಪಂಚೆ ತುಂಡಿನಲ್ಲಿ ಕಟ್ಟಿ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಬೇಡ ಎಂದರೂ ಕೇಳಲಿಲ್ಲ. ಸೂಕ್ಷ್ಮದರ್ಶಕದಲ್ಲಿ ತಲೆ ಉಬ್ಬಿದ ಒಂದು ನೊಣ ಇಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ, ಬಹಳ ಹೊತ್ತು ನೋಡಿದ. "ಪಾಪ, ಪೇಟ ಸುತ್ತಿದಂಗದೆ" ಎಂದ. ಅಷ್ಟರಲ್ಲಿ ಮೇಡಂ ಬಂದರು. ಅವನು ಎದ್ದು ನಿಂತು ಕೈ ಮುಗಿದು, ಯಾರೂ ಕೇಳದಿದ್ದರೂ, "ನಮ್ದೇ ತಪ್ಪಾಗದೆ ಮೇಡಮ್ಮೋರೆ. ಮಗೂದೇನಿಲ್ಲ" ಎಂದುಬಿಟ್ಟ. ಮೇಡಂ ಬೆಲ್ಲದ ಚೂರು ತಿಂದು, "ಇದು ಬೆಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಏಳದವನ್ನೂ ಎಣಿಸು" ಎಂದು ಹೇಳಿ ಹೋದರು.

ಎಣಿಸಿದೆ. ಮೇ ತಿಂಗಳ ಕೊನೆ. ಈ ಸಲ ಮೊದಲು ಹೋಲಿಕೆಯ ಗುಂಪನ್ನೇ ನೋಡಿದೆ. ಬಾಟಲಿಯ ಗೋಡೆಯಲ್ಲಿ ಕರಿ ಗೂಡುಗಳು ಬೆರಳೆಣಿಕೆಯಷ್ಟು. ಎದ್ದ ನೊಣಗಳಲ್ಲಿ ಹೆಚ್ಚಿನವಕ್ಕೆ ಪೇಟ ಸುತ್ತಿದ ತಲೆ. ತಲೆ ಕೆಟ್ಟ ನೊಣ ಕಂಡು ಅಷ್ಟು ಸಂತೋಷಪಟ್ಟವರು ಇದ್ದಾರೋ ಇಲ್ಲವೋ. ಆಮೇಲೆ ಬಾಗಿಲು ಬಿಗಿದ ಗುಂಪು. ಏಪ್ರಿಲ್ಲಿನ ಹಾಗೆ ಎಲ್ಲವೂ ನುಣ್ಣಗಿರಲಿಲ್ಲ. ಕೆಲವು ಉಬ್ಬಿದ್ದವು, ಕೆಲವು ಅರೆಬರೆ. ಬಹುಪಾಲು ಮಾಮೂಲು ತಲೆ. ಮೊದಲೆರಡು ಸಲ ಬಂದ ಹಾಗೆಯೇ ಬಂತು, ಅದಕ್ಕಿಂತ ಚೆಂದವಾಗಿ ಅಲ್ಲ. ಬಾಗಿಲು ಬಿಗಿದರೆ ಕೂಗು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಅಷ್ಟನ್ನೇ ಬರೆದೆ. ಸುಣ್ಣದ ಬೆಲ್ಲದಿಂದ ಕೋಶದೊಳಗಿನ ಕ್ಯಾಲ್ಸಿಯಂ ಏನಾದರೂ ಏರುಪೇರಾಯಿತೇ, ಇಲ್ಲ ಆ ಬಿಳಿ ಪುಡಿಯ ಕಾಟವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅದನ್ನು ನಾನು ಪರೀಕ್ಷಿಸಿಲ್ಲ.

ಜೂನಿನಲ್ಲಿ ಪ್ರಬಂಧ ಕೊಟ್ಟ ಮೇಲೆ ಒಂದು ಪ್ರತಿ ಊರಿಗೆ ಒಯ್ದೆ. ಅಜ್ಜಿ ಅದರ ತೂಕ ನೋಡಿ, "ಇಷ್ಟ್ ದಪ್ಪ ಬರ್ದಿದ್ದೀಯಲ್ಲ, ಆ ನೊಣ ಎಷ್ಟ್ ಸಣ್ಣದು!" ಎಂದಳು. ಚಿಕ್ಕಪ್ಪ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ತನ್ನ ಬೆಲ್ಲದ ವಿಷಯ ಎಲ್ಲಿದೆ ತೋರಿಸು ಎಂದ. ವಿಧಾನದ ಅಧ್ಯಾಯದಲ್ಲಿ ಒಂದೇ ಸಾಲು. ಇಂಗ್ಲಿಷಿನಲ್ಲಿತ್ತು. ಬೆರಳಿಟ್ಟು ಕನ್ನಡ ಮಾಡಿ ಹೇಳಿದೆ: ಸುಣ್ಣವನ್ನಾಗಲಿ ಬಿಳುಪಿನ ಪುಡಿಯನ್ನಾಗಲಿ ಹಾಕದೆ, ಬೆಂಡೆಗಿಡದ ಲೋಳೆಯಿಂದ ಶುದ್ಧಮಾಡಿದ ಕಪ್ಪು ಬೆಲ್ಲ.

ಅವನು ಆ ಸಾಲನ್ನೇ ನೋಡುತ್ತಿದ್ದ.

"ಕಪ್ಪು ಅಂತ್ಲೇ ಬರ್ದಿದ್ದೀಯಾ?"

"ಹೂಂ."

"ಕೆಂಪು ಅಂತನಾರೂ ಬರೀಬಾರ್ದಾಗಿತ್ತಾ ಮಗ?"

"ಇರೋದ್ನೇ ಬರೀಬೇಕಲ್ಲ ಚಿಕ್ಕಪ್ಪ."

"ಅದೂ ಸರಿಯೇ ಬುಡು" ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. ಮುಂದಿನ ಹಂಗಾಮು ಶುರುವಾದಾಗ ಮನೆಗೆಂದು ಒಂದರ ಬದಲು ಎರಡು ಕೊಪ್ಪರಿಗೆ ಕಾಯಿಸಿದನಂತೆ. ಅಚ್ಚುಗಳನ್ನು ಒಳಗೆ ಸೇರಿಸದೆ ದಾರಿಯ ಕಡೆಗೇ ಹರವಿದ್ದ ಎಂದು ಅಜ್ಜಿ ಫೋನಿನಲ್ಲಿ ಹೇಳಿದಳು.